ಎತ್ತಿ ನೋಡುವುದು

ಮೊದಲು ಎಂಜಿನ್ನಿಗೆ ಅಂಗೈ ಇಟ್ಟೆ.
ತಣ್ಣಗಿತ್ತು. ಒಳ್ಳೆಯದು.
ನಾವು ಬರುವ ಮುಂಚೆಯೇ ಬಿಸಿ ಮಾಡಿಟ್ಟವರ ಮಾತನ್ನು
ಅರ್ಧಕ್ಕೆ ಹಿಡಿ ಎಂದಿದ್ದ
ನಮ್ಮ ವೃದ್ಧಾಶ್ರಮದ ಬಾಯ್ಲರ್ ನೋಡಿಕೊಳ್ಳುವ ತಾಪಿಯೊ.

ಏಪ್ರಿಲ್ ಮುಗಿಯುತ್ತ ಬಂದರೂ ಕೆಮಿಯಾರ್ವಿಯಲ್ಲಿ
ದಾರಿಯುದ್ದಕ್ಕೂ ಮಾಸಿದ ಹಿಮದ ಒಡ್ಡು,
ಸೂರಿನಿಂದ ಬಿಡದೆ ತೊಟ್ಟಿಕ್ಕುವ ನೀರು,
ಶೆಡ್ಡಿನ ಬಾಗಿಲಲ್ಲಿ ಐಮೊ ಲೆಹ್ತೊವಾರ,
ಕೈಯಲ್ಲಿ ಕಾಫಿ, ಬಾಯಲ್ಲಿ ಏನೂ ಇಲ್ಲ.
"ಫೋನ್ ಮಾಡಿದ್ದ ಹಿಲ್ಕ ನಾನೇ" ಎಂದೆ.
ತಲೆ ಆಡಿಸಿದ.

ನನ್ನ ಪಾಡಿಗೆ ನಾನು ನೆಲಕ್ಕೆ ಕೂತೆ.
ಟೈರಿನ ಪಕ್ಕೆಯಲ್ಲಿ ಅದು ಹುಟ್ಟಿದ ವಾರ, ಹುಟ್ಟಿದ ವರ್ಷ:
ರಬ್ಬರು ಇನ್ನೂ ಉಳಿದಿದೆ, ಆಯಸ್ಸು ಉಳಿದಿಲ್ಲ.
ಇದಕ್ಕೆ ಮುನ್ನೂರು ಯೂರೋ ಕಳೆ, ಎಂದು ಒಳಗೇ ಬರೆದುಕೊಂಡೆ.
ಫೋರ್ಕಿನ ಕೊಳವೆಗೆ ಬೆರಳು ಸವರಿದೆ, ಎಣ್ಣೆ ಅಂಟಲಿಲ್ಲ.
ಬ್ರೇಕಿನ ತಟ್ಟೆಯ ಅಂಚಿಗೆ ಉಗುರು ಸಿಕ್ಕಿತು, ಸ್ವಲ್ಪ.
ಮಡಕೆ ಕೊಳ್ಳುವವರ ಹಾಗೆ ಪಕ್ಕದ ಪೆಟ್ಟಿಗೆಗಳಿಗೆ
ಬೆರಳ ಗೆಣ್ಣಿನಿಂದ ಎರಡೆರಡು ಏಟು.
ಬಲದ್ದು ಟಣ್ ಅಂದಿತು.
ಎಡದ್ದು ಬೇರೆ ಏನೋ ಅಂದಿತು.

"ಬಿದ್ದಿದೆಯಾ?"
"ದಾರಿಯಲ್ಲಿ ಎಂದೂ ಇಲ್ಲ."

ಲೆಕ್ಕದ ಪುಸ್ತಕ ಕೊಟ್ಟ, ಪೆನ್ಸಿಲಿನ ಅಕ್ಷರ.
ಯಾವ ಬಂಕು, ಎಷ್ಟು ಲೀಟರು, ಎಲ್ಲಿ ಎಣ್ಣೆ ಬದಲಿಸಿದ್ದು.
ನಾರ್ವೆಯ ತುದಿ ಆರು ಸಲ. ಪೋರ್ಚುಗಲ್ ಒಂದೇ ಸಲ.
ಮಳೆ. ಮಳೆ. ಹಿಮಸಾರಂಗ ಅಡ್ಡ ಬಂತು. ಮಳೆ.
ಕೊನೆಯ ಸಾಲು ಹೋದ ವರ್ಷದ ಜೂನ್: ಟ್ಯಾಂಕ್ ತುಂಬಿಸಿದೆ.
ಆಮೇಲೆ ಮೀಟರು ಓಡಿದ್ದು ಹನ್ನೊಂದು ಕಿಲೋಮೀಟರು.
ಬಂಕಿನಿಂದ ಈ ಶೆಡ್ಡಿಗೆ ಅಷ್ಟೇ.

ಎದ್ದು ನಿಂತಾಗ ಕಂಡಿತು:
ಎಡಗಡೆಯ ಕ್ಲಚ್ಚಿನ ಹಿಡಿ
ಬಲಗಡೆಯ ಬ್ರೇಕಿನ ಹಿಡಿಗಿಂತ
ಹದಿನೈದು ವರ್ಷಕ್ಕಾದರೂ ಕಿರಿಯದು.
ನಾನು ನೋಡಿದ್ದನ್ನು ಅವನೂ ನೋಡಿದ.
ಕಾಫಿ ಕೆಳಗಿಟ್ಟ.

"ಇಲ್ಲೇ ಅಂಗಳದಲ್ಲಿ. ನಿಂತಲ್ಲೇ.
ಕಾಲು ಊರಿದೆ, ಜಲ್ಲಿ ಜಾರಿತು.
ಮುನ್ನೂರು ಕಿಲೋ. ಮುಂಚೆ ಎತ್ತುತ್ತಿದ್ದೆ.
ಅವತ್ತು ಆಗಲಿಲ್ಲ.
ಪಕ್ಕದಲ್ಲೇ ಕೂತಿದ್ದೆ, ಅಂಚೆಯವಳು ಬರುವ ತನಕ."

ಒಂದು ವರ್ಷಕ್ಕೆ ಸಾಲುವಷ್ಟು ಮಾತು ಖರ್ಚಾಯಿತೆಂದು
ಗೋಡೆಯ ಸ್ಪ್ಯಾನರುಗಳ ಕಡೆ ತಿರುಗಿಕೊಂಡ.

ಸ್ಟಾರ್ಟ್ ಮಾಡಿದೆ. ಎರಡು ಸಲ ಕೆಮ್ಮಿ
ಗಂಟಲು ಸರಿಮಾಡಿಕೊಂಡು ಒಂದೇ ಶ್ರುತಿಗೆ ಬಂತು.
ಗಾಡಿಯಲ್ಲಿ ತಪ್ಪಿಲ್ಲ.
ಆದರೆ ನನಗೂ ಐವತ್ತಾರು,
ಗಾಡಿಯೊಂದನ್ನೇ ನೋಡಿ ಹೋದರೆ ಅರ್ಧ ನೋಡಿದ ಹಾಗೆ.

"ಮಲಗಿಸೋಣ" ಎಂದೆ.
"ಏನನ್ನು?"
"ಇದನ್ನೇ. ಎಡಕ್ಕೆ. ನಾನೊಬ್ಬಳೇ ಎತ್ತಬೇಕು."

ನಗಲಿಲ್ಲ ಅವನು. ಒಳಗೆ ಹೋಗಿ
ಚಿಂದಿ ಹೆಣೆದ ಉದ್ದನೆಯ ಹಾಸು ತಂದು ಜಲ್ಲಿಯ ಮೇಲೆ ಹರಡಿದ.
ಎಂಜಿನ್ ಆರಿಸಿ ಒಂದನೇ ಗೇರಿಗೆ ಹಾಕಿ,
ಒಂದು, ಎರಡು, ಮೂರಕ್ಕೆ
ಇಬ್ಬರೂ ಸೇರಿ ಇಳಿಸಿದೆವು, ವಾರ್ಡಿನಲ್ಲಿ ಇಳಿಸುವ ಹಾಗೆಯೇ.

ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿದೆ.
ಒಂದು ಕೈ ಹ್ಯಾಂಡಲ್ಲಿಗೆ, ಒಂದು ಹಿಂದಿನ ಕಂಬಿಗೆ.
ಎತ್ತುವುದು ತೋಳಲ್ಲ, ತೊಡೆ;
ಇಪ್ಪತ್ತೆಂಟು ವರ್ಷ ಮುದುಕರನ್ನು
ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ
ಸಾಗಿಸಿದ ತೊಡೆ.
ಸಣ್ಣ ಸಣ್ಣ ಹೆಜ್ಜೆ, ಹಿಂದಕ್ಕೆ.
ಮೊದಲ ಸಲ ಅಲುಗಿ ಮತ್ತೆ ಕೂತಿತು.
ಎರಡನೆಯ ಸಲ, ಎಲ್ಲೋ ನಡುವೆ,
ಭಾರ ತಾನೇ ಮನಸ್ಸು ಬದಲಿಸಿ
ನನ್ನ ಬೆನ್ನಿಗಂಟಿಕೊಂಡು ಎದ್ದು ನಿಂತಿತು.
ಐಮೊ ಎರಡೂ ಕೈ ಚಾಚಿದ್ದ, ಮುಟ್ಟಿರಲಿಲ್ಲ.
ಹಿಮ್ಮಡಿಯಿಂದ ತಡಕಿ ಸ್ಟ್ಯಾಂಡು ಇಳಿಸಿದೆ.

"ಟೈರಿಗೆ ನಾನೂರು ಕಳೆ" ಎಂದ, ನಾನು ಕೇಳುವ ಮುಂಚೆ.
ಜೇಬಿನ ಲಕೋಟೆಗೆ ಕೈ ಹಾಕಿದೆ.

ಅವನು ಇನ್ನೂ ಹಾಸನ್ನೇ ನೋಡುತ್ತಿದ್ದ.
"ಬೆನ್ನು ಕೊಟ್ಟು ಎತ್ತುವುದಾ?" ಎಂದ, ಮೆಲ್ಲಗೆ.
"ನಾನು ಯಾವಾಗಲೂ ಎದುರಿಂದ ಹಿಡಿದೆ."

ಸೂರಿನ ನೀರು ಎಣಿಸುತ್ತಲೇ ಇತ್ತು.
ಕೇಳಿಸಲಿಲ್ಲ ಅನ್ನಬಹುದಿತ್ತು.
ನನಗೆ ಈ ಗಾಡಿ ಬೇಕಿತ್ತು.

ಲಕೋಟೆ ಬಿಟ್ಟು ಕೈ ಹೊರಗೆ ತೆಗೆದೆ.
"ಮೊದಲು ಗೇರಿನಲ್ಲಿದೆಯಾ ನೋಡು" ಎಂದೆ.